ನಮ್ಮ ಬಾಗಿಲ ಮುಂದಿನ ಒಂದು ಗೇಣು

ದೊಡ್ಡವ್ವನ ಬಲಗೈ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಯಾವತ್ತೋ ರಾಗಿ ಕುಯ್ಯುವಾಗ ಕುಡುಗೋಲು ತಗುಲಿ, ಗಾಯ ಮಾಯುವಷ್ಟರಲ್ಲಿ ಹೊರಕ್ಕೆ ಸೊಟ್ಟಗೆ ನಿಂತುಬಿಟ್ಟಿತ್ತಂತೆ. ಅವಳು ಜಗುಲಿಗೆ ಸಗಣಿ ಸಾರಿಸಿದರೆ, ಕೈ ಬಳಿದ ಕಡೆಯೆಲ್ಲ ಅಂಚಿನಲ್ಲಿ ಆ ಬೆರಳಿನದೊಂದು ಸಣ್ಣ ಎಳೆ ಬೇರೆಯಾಗಿ ಮೂಡುತ್ತಿತ್ತು. ಇದು ಯಾರು ಸಾರಿಸಿದ್ದು ಎಂದು ಕೇಳಬೇಕಾಗಿಯೇ ಇರಲಿಲ್ಲ.

ಉಡಿಗಾಲದ ನಮ್ಮ ಸಾಲುಮನೆಗಳಲ್ಲಿ ಅವಳದು ಕೊನೆಯ ಮನೆ, ನಮ್ಮದು ಅದರ ಪಕ್ಕದ್ದು. ರಕ್ತಸಂಬಂಧ ಏನೂ ಇಲ್ಲ. ಅಪ್ಪನಿಗೂ ಅವಳು ದೊಡ್ಡವ್ವ, ನನಗೂ ದೊಡ್ಡವ್ವ. ಯಾವುದೋ ಕಾಲದಲ್ಲಿ ಜಮೀನಿನವರು ಆಳುಮಕ್ಕಳಿಗೆಂದು ಕಟ್ಟಿಸಿದ ಆರು ಮನೆ. ಎಲ್ಲಕ್ಕೂ ಸೇರಿ ಒಂದೇ ಹೆಂಚಿನ ಮಾಡು, ಮನೆಮನೆಯ ನಡುವೆ ಒಂದೇ ಮಣ್ಣಿನ ಗೋಡೆ, ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಜಗುಲಿ. ನಡುಗೋಡೆಗಳು ಮಾಡಿನವರೆಗೆ ಹೋಗಿರಲಿಲ್ಲ. ಒಬ್ಬರು ಒಗ್ಗರಣೆ ಹಾಕಿದರೆ ಎಲ್ಲ ಮನೆಯವರೂ ಸೀನುತ್ತಿದ್ದೆವು. ಅಪ್ಪ ಅವ್ವ ಜಗಳಕ್ಕೆ ನಿಂತರೆ ಗೋಡೆಯಾಚೆ ದೊಡ್ಡವ್ವ ಕೆಮ್ಮುತ್ತಿದ್ದಳು, ಇಬ್ಬರೂ ತೆಪ್ಪಗಾಗುತ್ತಿದ್ದರು. ಕೆಮ್ಮು ಗಿಮ್ಮು ಏನಿರಲಿಲ್ಲ ಅವಳಿಗೆ, ಗುಂಡುಕಲ್ಲಿನ ಹಾಗಿದ್ದಳು!

ಶುಕ್ರವಾರ ಅವರವರ ಬಾಗಿಲ ಮುಂದೆ ಅವರವರು ಸಾರಿಸಬೇಕು. ದೊಡ್ಡವ್ವ ಮಾತ್ರ ತನ್ನದು ಮುಗಿಸಿ, ನಮ್ಮ ಕಡೆಗೂ ಒಂದು ಗೇಣು ಬಳಿದೇ ಏಳುತ್ತಿದ್ದಳು. ನನಗೂ ಹಾಗೇ ಕಲಿಸಿದಳು.

"ಪಕ್ಕದ್ಮನೆ ಮುಂದ್ಕೂ ಕೈ ಓಗ್ಬೇಕು ಕಣಮ್ಮಿ. ಇಲ್ದಿದ್ರ ನಡುವ ಗೆರೆ ಬೀಳ್ತದ."

ಅಣ್ಣನ ಮದುವೆ ಗೊತ್ತಾದಾಗ ಅಪ್ಪ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಲು ಹೊರಟ. ನಡುಗೋಡೆಗಳನ್ನು ಮುಟ್ಟುವುದಿಲ್ಲ ಎಂದು ಎರಡೂ ಪಕ್ಕದವರಿಗೆ ಮಾತು ಕೊಟ್ಟಿದ್ದ. ಆದರೆ ಪಾಯ ಎತ್ತರಿಸಿ ಮೆಟ್ಟಿಲು ಇಡಬೇಕು, ಅದಕ್ಕೆ ನಮ್ಮ ಮುಂದಿನ ಜಗುಲಿ ಕಡಿಯಲೇಬೇಕು ಎಂದ ಮೇಸ್ತ್ರಿ. ಕಡಿದರೆ ದೊಡ್ಡವ್ವನ ಮನೆಯೊಂದೇ ಸಾಲಿನಿಂದ ಆಚೆ ಬಿದ್ದುಹೋಗುತ್ತಿತ್ತು. ನಾನು ಬೇಡ ಎಂದು ಗೋಗರೆದರೆ ಅಪ್ಪ, ನಿನಗೇನು ಗೊತ್ತು ಎಂದು ಗದರಿದ.

ಆಳುಗಳು ಹಾರೆ ಹಿಡಿದು ಬಂದ ಬೆಳಿಗ್ಗೆ, ದೊಡ್ಡವ್ವ ಎರಡು ಮನೆ ಸೇರುವ ಜಾಗದಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಜಗಿಯುತ್ತಿದ್ದಳು. ಅಪ್ಪ ಏಳು ಎಂದರೆ ಏಳಲಿಲ್ಲ.

"ಮನೆ ನಿಂದು, ಕೆಡವ್ಕೊ. ಈ ಜಗುಲೀಲಿ ಎಲ್ಲಿಗಂಟ ನಿಂದು ಅಂತ ಒಂದು ಗೆರೆ ಎಳ್ದು ತೋರ್ಸ್‌ಲಾ. ನಾನೇ ಎದ್ದೋಯ್ತೀನಿ."

ಅಪ್ಪನಿಗೂ ರೇಗಿತು. ಒಲೆಯಿಂದ ಇದ್ದಿಲು ತಂದು ಬಗ್ಗಿದ. ಆದರೆ ಗೆರೆ ಎಲ್ಲಿ ಎಳೆಯುವುದು? ಆ ದಪ್ಪ ನಡುಗೋಡೆಯಲ್ಲಿ ಅವರದೆಷ್ಟು, ನಮ್ಮದೆಷ್ಟು? ಅವನು ಅಂಬೆಗಾಲಿಟ್ಟಿದ್ದು, ಅವಳ ಕೈಲಿ ಮುದ್ದೆ ತಿಂದಿದ್ದು, ಏಟು ತಿಂದಿದ್ದು, ಎಲ್ಲ ಅಲ್ಲೇ. ಬಗ್ಗಿದವನು ಬಗ್ಗಿಯೇ ಇದ್ದ. ಆಮೇಲೆ ಇದ್ದಿಲನ್ನು ಬೀದಿಗೆಸೆದು ಅವಳ ಪಕ್ಕದಲ್ಲೇ ಕೂತ.

"ಏಳು ದೊಡ್ಡವ್ವ, ಕಾಪಿ ಕುಡಿಯನ."

ಮೇಸ್ತ್ರಿ ಗೊಣಗುತ್ತಲೇ ಮನೆಯನ್ನು ಹಿಂದಕ್ಕೆ ಸರಿಸಿ ಕಟ್ಟಿದ. ಹಿಂದೆ ಕಾಂಕ್ರೀಟು, ಮುಂದೆ ಹೆಂಚಿನ ಸೂರು, ಹಳೇ ಜಗುಲಿ. ಪ್ಯಾಂಟಿನ ಮೇಲೆ ಪೇಟ ಸುತ್ತಿದ ಹಾಗಿದೆ ಎಂದು ಗುಂಡ್ಲುಪೇಟೆಯ ಬೀಗರು ನಕ್ಕರು. ನಗಲಿ ಬಿಡಿ.

ಹೋದ ವರ್ಷ ಒಂದು ಶುಕ್ರವಾರ ಸಾರಿಸಿ ಎದ್ದ ದೊಡ್ಡವ್ವ ಭಾನುವಾರ ಇರಲಿಲ್ಲ. ಮಲಗಿದ್ದಲ್ಲೇ ಹೋಗಿದ್ದಳು. ಮಣ್ಣಿಗೆ ಬಂದ ಜನ ಸಾಲಿನ ಈ ತುದಿಯಿಂದ ಆ ತುದಿಗೆ ಜಗುಲಿಯ ಮೇಲೆ ಒತ್ತೊತ್ತಾಗಿ ಕೂತರು. ಅಪ್ಪ ನಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಸೂತಕ ಕಳೆದು ಅವಳ ಸೊಸೆ ಮನೆಯೆಲ್ಲ ಸಾರಿಸುತ್ತ ಬಂದು, ನಮ್ಮ ಬಾಗಿಲ ಮುಂದಿನ ಆ ಒಂದು ಗೇಣಿನ ಹತ್ತಿರ ಕೈ ತಡೆದಳು. ಅಲ್ಲಿ ಸೊಟ್ಟ ಬೆರಳಿನ ಎಳೆಗಳು ಇನ್ನೂ ಇದ್ದವು. ಅಷ್ಟು ಬಿಡಕ್ಕ ಎಂದೆ. ಬಿಟ್ಟಳು. ನಮ್ಮ ಕಾಲುಗಳೇ ತುಳಿದು ತುಳಿದು ಅವು ಮಾಸಿಹೋದವು.

ಈಗ ಚಾಮರಾಜನಗರದ ಕೆಲಸಕ್ಕೆ ಬಸ್ಸು ಹಿಡಿಯುವ ಮುಂಚೆ, ಶುಕ್ರವಾರ ನಾನೇ ಸಾರಿಸುತ್ತೇನೆ. ನಮ್ಮದು ಮುಗಿದ ಮೇಲೂ ಕೈ ತಾನಾಗಿ ಅವರ ಬಾಗಿಲ ಮುಂದಕ್ಕೆ ಒಂದು ಗೇಣು ಹೋಗುತ್ತದೆ. ಅಲ್ಲಿ ಕಿರುಬೆರಳನ್ನು ಹೊರಕ್ಕೆ ಚಾಚಿ ನೋಡುತ್ತೇನೆ. ಆ ಎಳೆ ಮೂಡುವುದಿಲ್ಲ.