ಹೇಳಿಕೆ ಇಲ್ಲದ ಮ್ಯಾಚಿಗೆ ಯಾರು ಬರುತ್ತಾರೆ?

ಆಡುವವರು ಇಪ್ಪತ್ತೆರಡು ಜನ. ನೋಡುವವರು ಏಳು ಜನ.

ಏಳು ಅಂದೆನಲ್ಲ, ಅದೂ ಸ್ವಲ್ಪ ಧಾರಾಳವಾಗಿ ಎಣಿಸಿದ್ದು. ನಾನೊಬ್ಬಳು. ಶೇಂಗಾ ಮಾರುವವನೊಬ್ಬ. ಕಾಲೇಜಿನ ವಾಚ್‌ಮನ್. ಎಮ್ಮೆ ಮೇಯಿಸಲು ಬಂದ ಇಬ್ಬರು. ಬೇವಿನ ಮರದ ಕೆಳಗೆ ಮೊಬೈಲ್ ನೋಡುತ್ತ ಕುಳಿತ ಒಂದು ಜೋಡಿ (ಅವರು ಒಂದು ಸಲವೂ ತಲೆ ಎತ್ತಲಿಲ್ಲ. ಆದರೂ ಸೇರಿಸಿಕೊಂಡಿದ್ದೇನೆ, ನಮಗೆ ಬೇರೆ ಗತಿ ಇರಲಿಲ್ಲ).

ಇದು ಬಸವಕಲ್ಯಾಣದ ಒಂದು ಕಾಲೇಜಿನ ಫುಟ್‌ಬಾಲ್ ಮ್ಯಾಚಿನ ಕತೆ. ಆ ಕಾಲೇಜಿನಲ್ಲಿ ನನ್ನ ತಮ್ಮ ಶಿವರಾಜ ಪಿ.ಟಿ. ಸರ್. ನಮ್ಮ ಕಡೆಯ ಹುಡುಗರಿಗೆ ಕ್ರಿಕೆಟ್ ಬಿಟ್ಟರೆ ಕಬಡ್ಡಿ, ಕಬಡ್ಡಿ ಬಿಟ್ಟರೆ ಮತ್ತೆ ಕ್ರಿಕೆಟ್. ಇವನಿಗೆ ಮಾತ್ರ ಫುಟ್‌ಬಾಲಿನ ಹುಚ್ಚು. ನಾಲ್ಕು ವರ್ಷ ಕಲ್ಲು ಆರಿಸಿ, ಮೊರಂ ಮಣ್ಣು ಹಾಕಿಸಿ, ತಾನೇ ರೋಲರ್ ಎಳೆದು ಮೈದಾನ ಮಾಡಿದ. ಈ ವರ್ಷ ಮೊದಲ ಸಲ ಎರಡು ಮ್ಯಾಚು ತವರಿನಲ್ಲೇ ಆಡುವ ಅವಕಾಶ ಸಿಕ್ಕಿತು.

ಮೊದಲನೆಯದಕ್ಕೆ ಬಂದವರು ಆ ಏಳು ಜನ.

ಮರುದಿನ ಪ್ರಿನ್ಸಿಪಾಲರು ಶಿವರಾಜನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಆದರೆ ಕಾಲೇಜಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ಲೆಕ್ಚರರುಗಳೆಲ್ಲ ಅವರ ತಲೆ ತಿನ್ನುತ್ತಿದ್ದರು.

"ನೋಡೋರೇ ಇಲ್ಲಂದ್ರ ಇಲ್ಲಿ ಮ್ಯಾಚ್ ಯಾಕ ಇಡಬೇಕ್ರಿ? ಎರಡನೇದೂ ಹಿಂಗ ಆದ್ರ, ಮುಂದಿನ ವರ್ಷದಿಂದ ಬ್ಯಾರೆ ಊರಾಗ ಹೋಗಿ ಆಡ್ರಿ. ಅರ್ಧ ಗ್ರೌಂಡ್ ಪಾರ್ಕಿಂಗಿಗಿ ಕೊಟ್ಟುಬಿಡೋಣ" ಎಂದರಂತೆ.

ಅರ್ಧ ಮೈದಾನದಲ್ಲಿ ಫುಟ್‌ಬಾಲ್ ಆಡುವುದು ಹೇಗೆ? ಒಂದೇ ಗೋಲ್ ಪೋಸ್ಟ್ ಇಟ್ಟುಕೊಂಡು ಪಾಳಿ ಹಚ್ಚಬೇಕೇ?

ತಮ್ಮ ಫೋನ್ ಮಾಡಿದಾಗ ಅವನ ದನಿ ಕೇಳಿ ನನಗೇ ಸಂಕಟವಾಯಿತು. "ಅಕ್ಕಾ, ನೀ ಪೇಪರಿನ್ಯಾಗ ವಾರಾ ವಾರಾ ಮಂದಿಗೆಲ್ಲಾ ಬುದ್ಧಿ ಹೇಳ್ತಿ. ನನಗೊಂದೀಟು ಹೇಳು. ಮಂದಿ ಮ್ಯಾಚ್ ನೋಡಾಕ ಯಾಕ ಬರವಲ್ರು?"

ಅಂಕಣಕಾರ್ತಿಗೆ ಇಂಥ ಪ್ರಶ್ನೆ ಕೇಳಬಾರದು. ನಮಗೆ ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೇ ಇಲ್ಲ. ಅರ್ಧ ಗಂಟೆ ಭಾಷಣ ಬಿಗಿದೆ. ಬಿಸಿಲು ಕಾರಣ, ಸಂಜೆ ನಾಲ್ಕಕ್ಕೆ ಇಡು ಎಂದೆ. ಪರೀಕ್ಷೆ ಕಾರಣ, ಶನಿವಾರ ಇಡು ಎಂದೆ. ದೊಡ್ಡ ಬ್ಯಾನರ್ ಹಾಕು, ಮೈಕ್ ಹಚ್ಚು, ಎಲ್ಲರ ಸ್ಟೇಟಸ್ಸಿನಲ್ಲಿ ಫೋಟೋ ಬರಲಿ, ಎದುರು ತಂಡ ಪಕ್ಕದ ಊರಿನದಾದರೆ ಜಿದ್ದು ಹುಟ್ಟುತ್ತದೆ, ಜಿದ್ದಿಗೆ ಜನ ಬರುತ್ತಾರೆ ಎಂದೆ.

"ಎದುರಿನ ಟೀಮ್ ನಿಮ್ಮ ಹುಮನಾಬಾದಿಂದೇ ಅದ" ಎಂದ.

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಈ ಅಂಕಣ ಓದುವವರಿಗೆ ಗೊತ್ತು: ನನ್ನ ತವರು ಬಸವಕಲ್ಯಾಣ, ಗಂಡನ ಮನೆ ಹುಮನಾಬಾದ್. ಯಜಮಾನರು ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಇದ್ದಾರೆ. ಫೋನಿನ ಮಾತೆಲ್ಲ ಕೇಳಿಸಿಕೊಂಡ ಅವರು, "ಅವತ್ತ ನೀ ಯಾರ ಕಡಿ ಕೂಡಾಕಿ?" ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೂ ಇಂಥ ಪ್ರಶ್ನೆ ಬರಬೇಕೇ?

ಮುಂದಿನ ಭಾನುವಾರ ತವರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಶಿವರಾಜ ಗೋಡೆಗೆ ಒರಗಿ ಕುಳಿತಿದ್ದ. ಪಕ್ಕದಲ್ಲಿ ಆಗಷ್ಟೇ ಪ್ರಿಂಟಾಗಿ ಬಂದ ಬ್ಯಾನರ್ ಸುರುಳಿ. ಕಾಲೇಜಿನ ಮೈದಾನಕ್ಕೂ ನಮ್ಮ ಮನೆಗೂ ಐದು ನಿಮಿಷದ ನಡಿಗೆ. ಆಗ ನನಗೆ ತಟ್ಟನೆ ಹೊಳೆಯಿತು: ಮೊದಲ ಮ್ಯಾಚಿಗೆ ಅವ್ವನೂ ಬಂದಿರಲಿಲ್ಲ.

"ಅವ್ವಾ, ನೀ ಯಾಕ ಬರಲಿಲ್ಲ?"

ಅವ್ವ ರೊಟ್ಟಿ ತಿರುವಿ ಹಾಕಿದಳು. "ನನಗ ಯಾರು ಹೇಳಿಕಿ ಕೊಟ್ಟಾರ?"

"ನಿನ್ನ ಮಗನೇ ಆಡಿಸೋದಲ್ಲಬೇ."

"ಮಗ ಆಡಸ್ತಾನಂತ ಕರೀಲಾರದ ಹೋಗಿ ಕೂಡ್ಲೇನು? ನನಗೇನು ಮಾನ ಇಲ್ಲೇನು?"

ಹೇಳಿಕೆ ಎಂದರೆ ನಮ್ಮ ಕಡೆ ಏನೆಂದು ಬೇರೆ ಕಡೆಯ ಓದುಗರಿಗೆ ಹೇಳಿಬಿಡುತ್ತೇನೆ. ಮದುವೆಯಿರಲಿ, ತೊಟ್ಟಿಲಿರಲಿ, ಹೊಸ ಮನೆಯಿರಲಿ, ಮನೆಯವರು ಖುದ್ದಾಗಿ ಬಂದು ಕರೆಯಬೇಕು. ಕಾರ್ಡು ಕಳಿಸಿದರೆ ಅದು ಕಾಗದ. ಫೋನ್ ಮಾಡಿದರೆ ಅದು ಸುದ್ದಿ. ಹೊಸ್ತಿಲು ದಾಟಿ ಒಳಗೆ ಬಂದು, ಕುಂಕುಮ ಹಚ್ಚಿ, "ಬರಬೇಕ್ರಿ" ಎಂದರೆ ಮಾತ್ರ ಹೇಳಿಕೆ. ಅದರಲ್ಲೂ ಮನೆಗೊಬ್ಬರಿಗೆ ಹೇಳುವುದು ಬೇರೆ, ಮನೆಮಂದಿಗೆಲ್ಲ ಹೇಳುವುದು ಬೇರೆ. ಹೇಳಿಕೆ ಇಲ್ಲದಿದ್ದರೆ ಗೋಡೆಯಾಚೆಯ ಮದುವೆಗೂ ನಮ್ಮವರು ಹೋಗುವುದಿಲ್ಲ. ಬಾಜಾ ಕೇಳುತ್ತ ಮನೆಯಲ್ಲೇ ಬೇಳೆ ಸಾರು ಉಣ್ಣುತ್ತಾರೆ.

ಇದೆಲ್ಲ ನನಗೆ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಆದರೆ ಫುಟ್‌ಬಾಲಿಗೂ ಅದು ಲಾಗೂ ಆಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಶಿವರಾಜ ನೆಟ್ಟಗೆ ಕುಳಿತ. "ಅಕ್ಕಾ, ನಮ್ಮ ಗೋಲ್‌ಕೀಪರ್ ಪ್ರಕಾಶನ ತಾಯಿ ಲಕ್ಷ್ಮೀಬಾಯಿ ಗ್ರೌಂಡಿನ ಗೇಟಿಗೇ ತಪ್ಪಲು ಪಲ್ಯ ಮಾರ್ತಾಳ. ಅವತ್ತ ಮ್ಯಾಚ್ ಮುಗಿಯೋ ತನಕ ಅಲ್ಲೇ ಕೂತಿದ್ಳು. ಒಳಗ ಬರಲಿಲ್ಲ. ಯಾಪಾರ ಬಿಡಾಕ ಆಗಿಲ್ಲಂತ ನಾ ತಿಳಕೊಂಡಿದ್ದೆ."

ಅಂದರೆ ಮಗ ಒಳಗೆ ಚೆಂಡು ಹಿಡಿಯುತ್ತಿದ್ದಾನೆ. ತಾಯಿ ಗೇಟಿನ ಹೊರಗೆ ಮೆಂತೆ ಸೊಪ್ಪಿಗೆ ನೀರು ಚಿಮುಕಿಸುತ್ತ ಕುಳಿತಿದ್ದಾಳೆ. ನಡುವೆ ಇಪ್ಪತ್ತು ಹೆಜ್ಜೆ. ಒಳಗೆ ಬಾ ಎಂದು ಯಾರೂ ಅಂದಿಲ್ಲ. ಇದನ್ನು ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನೂ ಅದೇ ಗೇಟಿನಿಂದ ಒಳಗೆ ಹೋಗಿದ್ದೆ. ಅವಳ ಹತ್ತಿರವೇ ಒಂದು ಕಟ್ಟು ಪುಂಡಿಪಲ್ಯ ಕೊಂಡು ಚೀಲಕ್ಕೆ ಹಾಕಿಕೊಂಡಿದ್ದೆ.

ಬ್ಯಾನರ್ ಸುರುಳಿ ಮೂಲೆ ಸೇರಿತು. ಅವ್ವ ಕೋಚ್ ಆದಳು.

ಮರುದಿನ ಸಂಜೆ ಹನ್ನೊಂದೂ ಹುಡುಗರು ನಮ್ಮ ಅಂಗಳದಲ್ಲಿ ಜೆರ್ಸಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅವ್ವನ ಟ್ರೇನಿಂಗ್ ಶುರುವಾಯಿತು.

"ಬೂಟ್ ಹೊರಗ ಬಿಡ್ರಿ. ನೀರು ಕೊಟ್ರ ಕುಡೀರಿ, ಚಾ ಕೊಟ್ರ ಬ್ಯಾಡನಬ್ಯಾಡ್ರಿ. ಮನ್ಯಾಗ ಹಿರೇರು ಯಾರದಾರ ಅವರಿಗಿ ಮೊದಲ ಹೇಳ್ರಿ. ಬಾಗಿಲಾಗ ನಿಂತು ಹೇಳಿದ್ದು ಹೇಳಿಕಿ ಅಲ್ಲ, ತಿಳೀತೇನು?"

"ತಿಳೀತ್ರಿ ಆಯಿ."

ಮೈದಾನದಲ್ಲಿ ಯಾರಿಗೂ ಹೆದರದ ಹುಡುಗರು ಹೊಸ್ತಿಲ ಮುಂದೆ ನಡುಗಿಹೋದರಂತೆ. ಒಬ್ಬ ಕುಂಕುಮದ ಭರಣಿ ಕೈಜಾರಿ ಬೀಳಿಸಿದ. ಇನ್ನೊಬ್ಬ ಒಂದೇ ಮನೆಗೆ ಮೂರು ಸಲ ಹೇಳಿಕೆ ಕೊಟ್ಟ (ಆ ಮನೆಯಲ್ಲಿ ಅವನ ಕ್ಲಾಸ್‌ಮೇಟ್ ಒಬ್ಬಳಿದ್ದಳು ಎಂದು ಆಮೇಲೆ ತಿಳಿಯಿತು). ಕ್ಯಾಪ್ಟನ್ ಇಮ್ರಾನ್ ಮಾತ್ರ ಬಲು ಚುರುಕು. ತನ್ನ ಗಲ್ಲಿಯ ಹಿಂದೂ ಮುಸ್ಲಿಂ ಎಲ್ಲ ಮನೆಗಳನ್ನೂ ಒಬ್ಬನೇ ಮುಗಿಸಿದ. ಮೂರು ತಿಂಗಳ ಹಿಂದಷ್ಟೇ ಅಕ್ಕನ ಮದುವೆಗೆ ಕರೆದಿದ್ದನಲ್ಲ, ಮಾತುಗಳು ಬಾಯಿಗೆ ಬಂದೇ ಇದ್ದವು. ಮುಂದೆ ಅದೇ ಫಜೀತಿಯಾಯಿತು.

ಲಕ್ಷ್ಮೀಬಾಯಿಗೆ ಹೇಳಿಕೆ ಕೊಡಲು ಅವ್ವ ತಾನೇ ಹೋದಳು. ಸೊಪ್ಪಿನ ಬುಟ್ಟಿಯ ಮುಂದೆ ಕುಳಿತು ಕುಂಕುಮ ಹಚ್ಚಿ, "ನಿನ್ನ ಮಗನ ಆಟ ಅದ, ನೀ ಬರಬೇಕು" ಎಂದಳು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, "ಬರ್ತೀನ್ರಿ ಆಯಿ, ಇಷ್ಟು ಅಂದ್ರಲ್ಲ" ಎಂದಳಂತೆ.

ಶನಿವಾರ ಬಂತು. ಮೂರೂವರೆಗೆ ನಾನು ಮೈದಾನಕ್ಕೆ ಹೋದರೆ ಒಳಗೆ ನಿಲ್ಲಲು ಜಾಗ ಹುಡುಕಬೇಕಾಯಿತು.

ಓಣಿ ಓಣಿಯೇ ಎದ್ದು ಬಂದಿತ್ತು. ಮಡಿಸಿ ಇಟ್ಟಿದ್ದ ಸೀರೆಗಳು ಪೆಟ್ಟಿಗೆಯಿಂದ ಹೊರಬಿದ್ದಿದ್ದವು. ಮುದುಕರು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು. ಕೂಸುಗಳಿಗೆ ಕಾಡಿಗೆ ಹಚ್ಚಲಾಗಿತ್ತು. ಬಂದವರೆಲ್ಲ ಮೊದಲು ಶಿವರಾಜನ ಹತ್ತಿರ ಹೋಗಿ ಮುಖ ತೋರಿಸುತ್ತಿದ್ದರು: "ಬಂದೀವ್ರಿ ಸರ್." ಹೇಳಿಕೆಗೆ ಬಂದವರು ಬಂದಿದ್ದೇವೆಂದು ತಿಳಿಸಬೇಕಲ್ಲ. ಅವನು ವಿಸಿಲ್ ಬಾಯಲ್ಲಿಟ್ಟುಕೊಂಡೇ ಕೈಮುಗಿಯುತ್ತಿದ್ದ.

ಬರಿಗೈಯಲ್ಲಂತೂ ಯಾರೂ ಬಂದಿರಲಿಲ್ಲ. ಟಾವೆಲ್, ಟೋಪಿ, ತೆಂಗಿನಕಾಯಿ, ಕುಪ್ಪಸದ ಖಣ. ಕರೆದ ಮೇಲೆ ಆಹೇರಿ ತರದೆ ಹೋಗುವುದುಂಟೇ? ಸ್ಕೋರ್ ಬರೆಯಲು ಹಾಕಿದ್ದ ಟೇಬಲ್ ಮೇಲೆ ಟಾವೆಲ್ ಗುಡ್ಡೆ ಬಿತ್ತು. ಹುಮನಾಬಾದಿನ ತಂಡ ಬಸ್ಸಿನಿಂದ ಇಳಿಯುತ್ತಲೇ ಓಣಿಯ ಹಿರಿಯರು ಮುಂದೆ ಹೋಗಿ ಒಬ್ಬೊಬ್ಬರಿಗೂ ಟೋಪಿ ಹಾಕಿ ಹೆಗಲಿಗೆ ಟಾವೆಲ್ ಹೊದಿಸಿದರು. ಪಾಪ, ಆ ಹುಡುಗರು ಬೈಗುಳ ತಿನ್ನುವ ತಯಾರಿಯಲ್ಲಿ ಬಂದಿದ್ದರು. ಅವರ ಸೆಂಟರ್ ಫಾರ್ವರ್ಡ್ ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ಹಾಕಿಕೊಂಡೇ ವಾರ್ಮಪ್ ಮಾಡಿದ.

ಜಿದ್ದಿಗೆ ಜನ ಬರುತ್ತಾರೆ ಎಂದಿದ್ದೆನಲ್ಲ. ನನ್ನ ವಿಶ್ಲೇಷಣೆಯ ಗತಿ ನೋಡಿದಿರಾ?

ಆಟ ಶುರುವಾಯಿತು. ಆಫ್‌ಸೈಡ್ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇರಲಿಲ್ಲ. ಯಾವ ತಂಡದ ಹುಡುಗ ಬಿದ್ದರೂ ಮೂವರು ಹೆಣ್ಣುಮಕ್ಕಳು ನೀರಿನ ತಂಬಿಗೆ ಹಿಡಿದು ಒಳಗೆ ಓಡುತ್ತಿದ್ದರು. ರೆಫ್ರಿ ಅವರನ್ನು ಹೊರಗೆ ಕಳಿಸುವುದರಲ್ಲೇ ಸುಸ್ತಾದ. ಒಮ್ಮೆ ಪ್ರಕಾಶ ಎಡಕ್ಕೆ ಹಾರಿ ಚೆಂಡು ತಡೆದ. ಲಕ್ಷ್ಮೀಬಾಯಿ ಎದ್ದು ನಿಂತಳು. ಏನೂ ಕೂಗಲಿಲ್ಲ. ಎರಡೂ ಕೈಯನ್ನು ಮಗನ ಕಡೆ ಚಾಚಿ ದೃಷ್ಟಿ ತೆಗೆದು, ಬೆರಳು ಲಟಲಟ ಮುರಿದು ಕುಳಿತಳು. ನನ್ನ ಕಣ್ಣು ಒದ್ದೆಯಾದವು, ಸುಳ್ಳು ಯಾಕೆ ಹೇಳಲಿ.

ಹಾಫ್ ಟೈಮಿನಲ್ಲಿ ಇಮ್ರಾನನ ಗಲ್ಲಿಯ ಒಬ್ಬ ಅಜ್ಜ ಶಿವರಾಜನ ಹತ್ತಿರ ಬಂದರು. "ಸರ್, ಊಟಾ ಎಷ್ಟೊತ್ತಿಗಿ?"

"ಊಟಾ ಏನ್ರಿ ಅಜ್ಜಾ?"

"ಇಮ್ರಾನ್ ಬಂದು ಹೇಳ್ಯಾನಲ್ರೀ. ಮನಿಮಂದಿ ಎಲ್ಲಾ ಬರ್ರಿ, ಸಂಜಿಮುಂದ ಒಲಿ ಹಚ್ಚಬ್ಯಾಡ್ರಿ ಅಂತ. ನಾವು ಹಚ್ಚಿಲ್ಲ."

ಅಕ್ಕನ ಮದುವೆಯ ಹೇಳಿಕೆಯನ್ನು ಇಮ್ರಾನ್ ಒಂದಕ್ಷರ ಬಿಡದೆ ಒಪ್ಪಿಸಿದ್ದ. ಇಡೀ ಗಲ್ಲಿಯ ಒಲೆ ಆರಿತ್ತು. ಶಿವರಾಜನ ಮುಖ ಬೆಳ್ಳಗಾಯಿತು. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು: "ಸುಸಲಾ ಮಾಡಿಸಿ ತಂದೀನಿ, ನಾಲ್ಕು ಹಂಡೆ ಅದ. ಮಂದೀನ ಕರದ ಮ್ಯಾಲ ಉಪವಾಸ ಕಳಸ್ತಾರೇನು?" ಓಣಿಯ ಹೆಂಗಸರ ಜೊತೆ ಸೇರಿ ಮಧ್ಯಾಹ್ನದಿಂದಲೇ ಚುರುಮುರಿ ನೆನೆಸಿ ಒಗ್ಗರಣೆ ಹಾಕಿಸಿದ್ದಳಂತೆ. ನಮ್ಮ ಯಜಮಾನರು ಹುಮನಾಬಾದಿನವರ ಪಕ್ಕ ಕುಳಿತು ಬಸವಕಲ್ಯಾಣದ ಸುಸಲಾ ಎರಡು ಪ್ಲೇಟ್ ಹೊಡೆದರು. (ನಾನು ನಡುವಿನ ಗೆರೆಯ ಹತ್ತಿರ ಕುಳಿತಿದ್ದೆ. ಸಂಸಾರ ಮಾಡಬೇಕಲ್ಲ.)

ಮ್ಯಾಚು? ನಾವು ಸೋತೆವು. ಎರಡು ಒಂದು. ಕೊನೆಯ ಗೋಲಿಗೆ ಪ್ರಕಾಶನ ಕೈ ನಿಲುಕಲಿಲ್ಲ. ನಾನು ಲಕ್ಷ್ಮೀಬಾಯಿಯ ಮುಖ ನೋಡಿದೆ, ಸಮಾಧಾನ ಹೇಳಬೇಕೇನೋ ಎಂದು. ಅವಳೇ ನನಗೆ ಹೇಳಿದಳು: "ಇರಲಿ ಬಿಡ್ರಿ ಅಕ್ಕೋರೆ. ಬ್ಯಾರೆ ಊರಿಂದ ನಮ್ಮ ಕಡಿ ಬಂದಾರ. ಒಂದು ಹೆಚ್ಚಿಗಿ ಹೊಡಕೊಂಡು ಹೋಗ್ಲಿ."

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ. ಆದರೂ ಬಂದವರು ಬಂದವರೇ.

ಎಲ್ಲರೂ ನಗುತ್ತ ಚದುರಿದರು. ಶಿವರಾಜ ಮಾತ್ರ ಮುಂದಿನ ಸಾಲಿನ ಒಂದು ಕುರ್ಚಿ ನೋಡುತ್ತ ನಿಂತಿದ್ದ. ಮ್ಯಾಚು ಪೂರ್ತಿ ಆ ಕುರ್ಚಿ ಖಾಲಿಯಿತ್ತು. ಅದು ಪ್ರಿನ್ಸಿಪಾಲರ ಕುರ್ಚಿ. ಇಷ್ಟು ಜನ ಬಂದದ್ದನ್ನು ನೋಡಬೇಕಾದವರೇ ನೋಡಿಲ್ಲ ಎಂದ ಮೇಲೆ ಮುಂದಿನ ವರ್ಷದ ಮಾತೆಲ್ಲಿ? "ಪಾರ್ಕಿಂಗೇ ಆಯ್ತಕ್ಕಾ" ಎಂದ.

ಇಬ್ಬರೂ ಮಹಡಿ ಮೇಲಿನ ಆಫೀಸಿಗೆ ಹೋದೆವು. ಪ್ರಿನ್ಸಿಪಾಲರು ಅಲ್ಲೇ ಇದ್ದರು. ಕುರ್ಚಿಯನ್ನು ಕಿಟಕಿಗೆ ಹಚ್ಚಿಕೊಂಡು ಕುಳಿತಿದ್ದರು. ಕಿಟಕಿಯಿಂದ ಇಡೀ ಮೈದಾನ ಕಾಣುತ್ತಿತ್ತು. ಟೇಬಲ್ ಮೇಲಿನ ಚಹಾ ಕೆನೆಗಟ್ಟಿತ್ತು.

"ಆ ಎರಡನೇ ಗೋಲ್ ಹೋಗ್ಬಾರದಿತ್ರಿ ಶಿವರಾಜ" ಎಂದರು, ತಿರುಗಿ ನೋಡದೆ. "ಬ್ಯಾಕ್ ಆಡೋನು ಮುಂದ ಬಂದುಬಿಟ್ಟಿದ್ದ."

"ಸರ್, ಪೂರಾ ಇಲ್ಲಿಂದೇ ನೋಡೀರೇನ್ರಿ? ಕೆಳಗ ಯಾಕ ಬರಲಿಲ್ರಿ?"

ಪ್ರಿನ್ಸಿಪಾಲರು ಈಗ ತಿರುಗಿದರು. "ಊರ ಮಂದಿಗೆಲ್ಲಾ ಮನಿ ಮನಿಗಿ ಹೋಗಿ ಹೇಳಿಕಿ ಕೊಟ್ರಿ. ನನಗ ಪ್ಯೂನ್ ಕೈಲಿ ನೋಟಿಸ್ ಕಳಿಸಿದ್ರಿ. ಹ್ಯಾಂಗ ಬರ್ಲಿ, ಹೇಳ್ರಿ?"

ಸಿಟ್ಟಲ್ಲ ಅದು. ಚಿಕ್ಕ ಮಗುವಿನ ಮುನಿಸು. ನಾನು ತಮ್ಮನ ಮೊಣಕೈಗೆ ತಿವಿದೆ. ಅವನಿಗೆ ಅರ್ಥವಾಯಿತು. ಬೂಟು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದ. ಹೇಳಿಕೆ ಕೊಡುವಾಗಿನಿಂದ ಜೇಬಿನಲ್ಲೇ ಉಳಿದಿದ್ದ ಕುಂಕುಮದ ಭರಣಿ ತೆಗೆದು ಅವರ ಹಣೆಗೆ ಹಚ್ಚಿದ. ಕೈಮುಗಿದು ಅಂದ:

"ಸರ್, ಮುಂದಿನ ವರ್ಷ ನಮ್ಮ ಗ್ರೌಂಡಿನ್ಯಾಗ ಮ್ಯಾಚ್ ಅದ್ರಿ. ಮನಿಮಂದಿನೆಲ್ಲಾ ಕರಕೊಂಡು ಬರಬೇಕ್ರಿ."

ಪ್ರಿನ್ಸಿಪಾಲರು ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡರು. ಆಮೇಲೆ ಮುಖ ಅರಳಿತು. "ಇಷ್ಟು ಕರದ ಮ್ಯಾಲ ಬರಲಾರದ ಇರಾಕ ಆಗ್ತದೇನ್ರಿ?" ಎಂದರು.

ಪಾರ್ಕಿಂಗಿನ ಮಾತು ಅಲ್ಲಿಗೆ ಮುಗಿಯಿತು.

ನಿಮ್ಮೂರಿನ ಮೈದಾನವೂ ಖಾಲಿ ಇದೆಯೇ? ಜನರಿಗೆ ಆಸಕ್ತಿಯೇ ಇಲ್ಲ ಎಂದು ಗೊಣಗುವ ಮೊದಲು ಒಂದು ಮಾತು ಹೇಳಿ: ಬೂಟು ಹೊರಗೆ ಬಿಟ್ಟು, ಒಳಗೆ ಹೋಗಿ, ಕರೆದಿದ್ದೀರಾ?