ಹಗಲು ಮಲಗುವ ಪ್ರಾಣಿ

ಇದನ್ನು ಹೇಳುವುದನ್ನು ನಾನು ಮೂವತ್ತು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊನ್ನೆ ಶುಕ್ರವಾರ ಅದನ್ನು ನನ್ನ ಗಂಟಲ ತನಕ ತಂದು ನಿಲ್ಲಿಸಿದ್ದು ಒಂದು ವೊಂಬ್ಯಾಟ್.

ಗಲ್ಫಿನ ಸನದ್‌ನಲ್ಲಿರುವ ಮಗನ ಮನೆಯಲ್ಲಿ ಮೊಮ್ಮಗಳು ಅದಿತಿ ಟ್ಯಾಬಿನಲ್ಲಿ ಮೃಗಾಲಯ ಕಟ್ಟುವ ಆಟ ಆಡುತ್ತಿದ್ದಳು. ಆಸ್ಟ್ರೇಲಿಯಾ ವಿಭಾಗಕ್ಕೆ ಐದೇ ಪ್ರಾಣಿಗಳಿಗೆ ಜಾಗ. ಕಾಂಗರೂ, ಕೊವಾಲಾ, ಎಮು, ಕಾಕಟೂ ಗಿಣಿ ಬಂದಾಗಿತ್ತು. ನಾನು ಕಲಿತ ಹೈಸ್ಕೂಲಿನಲ್ಲಿ ಆಸ್ಟ್ರೇಲಿಯಾ ಎಂದರೆ ಕಾಂಗರೂ. ಪರೀಕ್ಷೆಗೆ ಅಷ್ಟು ಸಾಕಿತ್ತು. ಐದನೆಯದೇ ಈ ವೊಂಬ್ಯಾಟ್. ಗಿಡ್ಡ ಕಾಲಿನ, ಕರಡಿಮರಿಯಂಥ, ಬಿಲ ತೋಡುವ ಪ್ರಾಣಿ. ಮರಿಯ ಮೇಲೆ ಮಣ್ಣು ಬೀಳದಿರಲೆಂದು ಅದರ ಹೊಟ್ಟೆಯ ಚೀಲದ ಬಾಯಿ ಹಿಂದಕ್ಕಿರುತ್ತದಂತೆ. ಹಿಕ್ಕೆ ಕೂಡ ಚೌಕ ಚೌಕ. ಇಷ್ಟು ಶಿಸ್ತಿನ ಜೀವವನ್ನು ಯಾರು ಬೇಡ ಎಂದಾರು ಎಂದುಕೊಂಡೆ.

"ಅಜ್ಜ, ಇದು ಹಗಲಿಡೀ ಮಲಗ್ತದೆ. ವಿಸಿಟರ್ಸಿಗೆ ಕಾಣುವುದೇ ಇಲ್ಲ. ಒಂದು ಸ್ಟಾರ್ ಹೋಯ್ತು. ತೆಗೆದು ಡಿಂಗೋ ನಾಯಿ ಹಾಕ್ಲಾ?"

ಅವಳ ಬೆರಳು ಕೆಂಪು ಗುಂಡಿಯ ಮೇಲೆ ನಿಂತಿತ್ತು. ಆ ಗುಂಡಿಯನ್ನು ನಾನು ಹಿಂದೊಮ್ಮೆ ಒತ್ತಿದ್ದೇನೆ.

ಆಗ ಇದೇ ದೇಶದ ಮುಹರ್ರಕ್‌ನ ಒಂದು ಕೋಣೆಯಲ್ಲಿ ನಾವು ಊರ ಕಡೆಯ ನಾಲ್ವರು. ಬಾಡಿಗೆ ಕಾಗದ ನನ್ನ ಹೆಸರಿನಲ್ಲಿ. ಮೂವರಿಗೆ ಹಗಲು ಕೆಲಸ, ನಾಲ್ಕನೆಯವನಿಗೆ ಬೇಕರಿಯಲ್ಲಿ ರಾತ್ರಿಪಾಳಿ. ನಾವು ಏಳುವಾಗ ಅವನು ಬಿಸಿ ಖುಬ್ಬೂಸ್ ರೊಟ್ಟಿ ತಂದಿಟ್ಟು, ಲುಂಗಿಯ ಪರದೆ ಎಳೆದು ಮಲಗುತ್ತಿದ್ದ. ಶುಕ್ರವಾರದ ರಜೆಯಲ್ಲಿ ನಮಗೆ ಇಸ್ಪೀಟು ಆಡಬೇಕು, ಜೋರಾಗಿ ನಗಬೇಕು. ಆ ಪರದೆಯೆದುರು ಪಿಸುಗುಟ್ಟಬೇಕಾಗುತ್ತಿತ್ತು. ಗೊರಕೆಯಾದರೂ ಹೊಡೆದಿದ್ದರೆ ಬೈಯಲೊಂದು ಕಾರಣ ಸಿಗುತ್ತಿತ್ತು. ಅದೂ ಇಲ್ಲ. ಕಡೆಗೆ ನಾನೇ ಸುಳ್ಳು ಹೇಳಿದೆ: "ಮೂರೇ ಜನ ಇರಬೇಕಂತೆ, ಮನೆ ಯಜಮಾನರು ಹೇಳಿದ್ದಾರೆ. ಜಾಗ ಇಲ್ಲ ಮಾರಾಯ."

"ಆಯ್ತಣ್ಣ" ಎಂದು ಹಾಸಿಗೆ ಸುತ್ತಿದ. ಮರುದಿನ ಬೆಳಿಗ್ಗೆ ಮೂವರೂ ಬಾಗಿಲು ನೋಡುತ್ತ ಕುಳಿತೆವು. ರೊಟ್ಟಿ ಬರಲಿಲ್ಲ. ನಮ್ಮಂಥ ಬುದ್ಧಿವಂತರಿಗೆ ಅದು ಮೊದಲೇ ಹೊಳೆದಿರಲಿಲ್ಲ.

ತಿಂಗಳ ಮೇಲೆ ಮನಾಮಕ್ಕೆ ಹೋಗುವ ಬಸ್ಸು ಹತ್ತಿದರೆ, ಅಲ್ಲಿ ಅವನು. ಪಕ್ಕದಲ್ಲಿ ಚೀಲ ಇಟ್ಟುಕೊಂಡಿದ್ದ.

"ಯಜಮಾನರು ಪೇಟೆಯಲ್ಲಿ ಸಿಕ್ಕಿದ್ರು. ಯಾಕೆ ಬಿಟ್ಟು ಹೋದೆ ಅಂತ ನನ್ನನ್ನೇ ಕೇಳಿದ್ರು," ಅಂದ.

ಬಸ್ಸು ಸೇತುವೆಗೆ ಏರಿತು. ಎರಡೂ ಕಡೆ ನೀರು. ಇಳಿದು ಓಡುವಂತೆಯೂ ಇಲ್ಲ. ಕಂಬಿ ಹಿಡಿದು ನಿಂತೇ ಇದ್ದೆ. ಅವನು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಕಿಟಕಿಯ ಕಡೆ ಸರಿದ.

"ಕೂತ್ಕೊಳ್ಳಿ ಅಣ್ಣ. ಜಾಗ ಉಂಟು."

ಕುಳಿತೆ. ಸೇತುವೆ ಮುಗಿಯಿತು. ಮೊದಲ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಅದು ನನ್ನ ಸ್ಟಾಪೂ ಆಗಿರಲಿಲ್ಲ. ಆಮೇಲೆ ಅವನು ಸಿಗಲಿಲ್ಲ. ನಾನು ಹುಡುಕಲಿಲ್ಲ ಎಂಬುದು ಹೆಚ್ಚು ಸರಿಯಾದ ಮಾತು.

"ಅಜ್ಜ, ಬೇಗ ಹೇಳಿ!"

"ಇರಲಿ ಮಗಾ. ಸ್ಟಾರ್ ಹೋದರೆ ಹೋಗಲಿ."

"ನಿಮಗೆ ಗೇಮ್ ಆಡ್ಲಿಕ್ಕೇ ಬರುವುದಿಲ್ಲ" ಎಂದು ಗೊಣಗಿ ಬೆರಳು ತೆಗೆದಳು. ಉಳಿಸಿಕೊಂಡ ಪ್ರಾಣಿಗೆ ಒಂದು ಹೆಸರು ಬೇಕೆಂದು ಆಟ ಕೇಳಿತು. "ಏನಿಡ್ಲಿ?"

ಹೆಸರು ನಾಲಿಗೆಯ ತುದಿಗೇ ಬಂತು. ನುಂಗಿಕೊಂಡೆ. ವೊಂಬ್ಯಾಟಿಗೆ ಅವನ ಹೆಸರಿಟ್ಟು ಕೈತೊಳೆದುಕೊಳ್ಳುವುದು ತೀರಾ ಸಲೀಸಾದ ಪ್ರಾಯಶ್ಚಿತ್ತ. "ಗುಂಡ ಅಂತ ಇಡು" ಎಂದೆ. ಗುಂಡ ಈಗ ಬಿಲದೊಳಗೆ ಸುಖವಾಗಿದ್ದಾನೆ, ಸ್ಟಾರುಗಳು ಒಂದೊಂದಾಗಿ ಹೋಗುತ್ತಿವೆ.

ಆ ಇನ್ನೊಂದು ಹೆಸರನ್ನು ಮಗುವಿನ ಕೈಯಲ್ಲಿ ಬರೆಸಬಾರದು, ನಾನೇ ಬರೆಯಬೇಕು. ನಿಮ್ಮಲ್ಲಿ ಯಾರಿಗಾದರೂ ಅವನ ಗುರುತಿದ್ದರೆ, ಒಬ್ಬ ಮುದುಕ ಕೇಳುತ್ತಿದ್ದಾನೆ ಎಂದು ತಿಳಿಸಿ. ಬೇಕರಿಯ ಸಂಜೀವ.