ಅಕ್ಕನ ಕಡೆಗೋಲು, ನನ್ನ ವಿಸ್ಕಿ ಸಾವರ್

ಮನುಷ್ಯನ ನಿಜ ಸ್ವಭಾವ ಬಯಲಾಗುವುದು ಯುದ್ಧ, ಕ್ಷಾಮ, ಪ್ರವಾಹದಂಥ ಮಹಾವಿಪತ್ತುಗಳಲ್ಲಿ ಎಂದು ತಿಳಿದವರು ಹೇಳುತ್ತಾರೆ. ನನ್ನದು ಬಯಲಾದದ್ದು ಒಂದು ಮೊಟ್ಟೆಯಲ್ಲಿ. ಪೂರ್ತಿ ಮೊಟ್ಟೆಯೂ ಅಲ್ಲ, ಬಿಳಿ ಭಾಗ ಮಾತ್ರ.

ಮೊದಲು ನಮ್ಮ ಮನೆಯ ರಾಜಕೀಯ ಪರಿಸ್ಥಿತಿ ಹೇಳಿಬಿಡುತ್ತೇನೆ. ಮುಂಬಯಿಯ ದಹಿಸರ್‌ನಲ್ಲೊಂದು ಫ್ಲ್ಯಾಟು. ಅದರಲ್ಲಿ ನಾನು, ಹೆಂಡತಿ ಸುಮತಿ, ಮತ್ತು ಭಾವ ತೀರಿಕೊಂಡ ಮೇಲೆ ಉಡುಪಿಯಿಂದ ಬಂದು ನಮ್ಮೊಡನೆಯೇ ಇರುವ ನನ್ನ ಅಕ್ಕ. ಫೋರ್ಟಿನ ಬ್ಯಾಂಕೊಂದರಲ್ಲಿ ಕುರ್ಚಿ ಸವೆಸಿ ನಿವೃತ್ತನಾದ ನನಗೆ ಶನಿವಾರ ಸಂಜೆ ಒಂದು ಪೆಗ್ಗಿನ ಹಕ್ಕು ದಕ್ಕಿದೆ. ಸ್ಟೀಲಿನ ಲೋಟದಲ್ಲಿ, ಬಾಲ್ಕನಿಯಲ್ಲಿ, ರಸ್ತೆಯ ಕಡೆ ಮುಖ ಮಾಡಿಕೊಂಡು. ಅಕ್ಕನ ಮಟ್ಟಿಗೆ ಅದು ಜೀರ್ಣಕ್ಕೆ ಔಷಧ. (ಔಷಧವಲ್ಲವೆಂದು ಆಕೆಗೆ ಗೊತ್ತು. ಆಕೆಗೆ ಗೊತ್ತೆಂದು ನನಗೂ ಗೊತ್ತು. ಸಂಸಾರಗಳು ಮತ್ತೆ ಹೇಗೆ ನಡೆಯುತ್ತವೆ ಅಂದುಕೊಂಡಿರಿ?)

ಆದರೆ ಮೊಟ್ಟೆ? ನಮ್ಮ ಮನೆಯ ಸಂವಿಧಾನಕ್ಕೆ ವಿಸ್ಕಿಯ ವಿಷಯದಲ್ಲಿ ತಿದ್ದುಪಡಿಯಾಗಿದೆ. ಮೊಟ್ಟೆಯ ವಿಷಯದಲ್ಲಿ ಆಗಿಲ್ಲ.

ಪೊವಾಯಿಯಲ್ಲಿರುವ ಮಗಳು ಫೋನಿಗೊಂದು ವಿಡಿಯೋ ಕಳಿಸಿದಳು. ಕ್ಲಾಸಿಕ್ ವಿಸ್ಕಿ ಸಾವರ್ ಎಂಬ ಕಾಕ್‌ಟೇಲಿನದು. ವಿಸ್ಕಿ, ನಿಂಬೆರಸ, ಸಕ್ಕರೆ ಪಾಕ. ಇಷ್ಟರವರೆಗೆ ಯಾವ ಸದ್ಗೃಹಸ್ಥನೂ ಒಪ್ಪಬಹುದಾದ ಸಂಗತಿಗಳು. ಆಮೇಲೆ ಆ ವಿಡಿಯೋದ ಗಡ್ಡದ ಹುಡುಗ ಟಪ್ಪೆಂದು ಒಂದು ಮೊಟ್ಟೆ ಒಡೆದ.

"ಮೊಟ್ಟೆ ಇಲ್ಲದೆ ಆಗುವುದಿಲ್ವಾ?" ಎಂದು ಮಗಳನ್ನು ಕೇಳಿದೆ.

"ಆಗ್ತದೆ ಪಪ್ಪಾ. ಲೇಕಿನ್ ಫಿರ್ ಅದು ನಿಂಬೂಪಾನಿ. ಎಗ್ ವೈಟ್ ಹಾಕಿದ್ರೇನೇ ಕ್ಲಾಸಿಕ್."

ಕ್ಲಾಸಿಕ್ ಎಂಬ ಶಬ್ದ ಕೇಳಿದರೆ ನನ್ನಂಥ ಹಳೆಯ ಕಾಲದವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮಾಡುವುದಾದರೆ ಶಾಸ್ತ್ರೋಕ್ತವಾಗಿಯೇ ಆಗಲಿ ಎಂದು ತೀರ್ಮಾನಿಸಿದೆ.

ಆ ಶನಿವಾರ ಸಂಜೆ ಸುಮತಿಯೂ ಅಕ್ಕನೂ ಭಜನೆಗೆ ಹೋದರು. ಮನೆಗೆಲಸದ ಮಂಗಲ್‌ಬಾಯಿ ಬಂದು ಚಹಾ ಪಾತ್ರೆಗಳನ್ನು ತೊಳೆದಿಟ್ಟು, "ಕಾಕಾ, ಜಾತೇ" ಎಂದು ಹೇಳಿ ಹೋದಳು. ನಾನು ಪರಿಚಯದ ಅಂಗಡಿಗಳನ್ನೆಲ್ಲ ಬಿಟ್ಟು, ಸ್ಟೇಷನ್ ದಾಟಿ ಆ ಬದಿಗೆ ಹೋಗಿ, ಒಂದು ಮೊಟ್ಟೆ ಕೊಂಡೆ. ಅಂಗಡಿಯವನು ಕನಿಕರದಿಂದ "ಏಕ್ ಹೀ?" ಎಂದ. ಜೇಬಿನಲ್ಲಿ ಅದನ್ನಿಟ್ಟುಕೊಂಡು ನಡೆದು ಬರುವಾಗ ನನ್ನ ನಡಿಗೆಯಲ್ಲಿ ಎಂದೂ ಇಲ್ಲದ ಗಾಂಭೀರ್ಯವಿತ್ತು. ಲಿಫ್ಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಸಿಕ್ಕಿ ಬೆನ್ನು ತಟ್ಟಲು ಬಂದಾಗ ನಾನು ಹಿಂದೆ ಸರಿದ ವೇಗಕ್ಕೆ ಅವರು ಇಂದಿಗೂ ಕಾರಣ ಹುಡುಕುತ್ತಿರಬಹುದು.

ಬಿಳಿಯನ್ನು ಮೊದಲು ಐಸ್ ಇಲ್ಲದೆ, ನಿಂಬೆರಸದ ಜೊತೆ ಚೆನ್ನಾಗಿ ಕುಲುಕಿ ನೊರೆ ಬರಿಸಬೇಕು. ಅದಕ್ಕೊಂದು ಶೇಕರ್ ಬೇಕು. ನನ್ನಲ್ಲಿದ್ದದ್ದು ಆಫೀಸಿನ ಕಾಲದ ಊಟದ ಡಬ್ಬಿ. ಮೊದಲು ನೀರು ಹಾಕಿ ಪರೀಕ್ಷಿಸಿದೆ, ಮೊಣಕೈವರೆಗೆ ಒದ್ದೆಯಾಯಿತು. ಇದ್ದದ್ದು ಒಂದೇ ಮೊಟ್ಟೆ, ಇಂಥ ಡಬ್ಬಿಯನ್ನು ನಂಬುವಂತಿಲ್ಲ. ಮಿಕ್ಸಿ ಹಾಕಿದರೆ ಪಕ್ಕದ ಮನೆಯವರಿಗೆ ಕೇಳುತ್ತದೆ.

ಆಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅಕ್ಕನ ಕಡೆಗೋಲು.

ಅದು ನಮ್ಮ ಅಮ್ಮನದು. ಮರದ್ದು, ಅಂಗೈಗಳ ನಡುವೆ ಹಿಡಿದು ತಿರುಗಿಸುವಂಥದ್ದು. ಅದನ್ನೂ ಮೊಸರಿನ ಪಾತ್ರೆಯನ್ನೂ ಮಂಗಲ್‌ಬಾಯಿ ಮುಟ್ಟುವಂತಿಲ್ಲ, ಅಕ್ಕನೇ ತೊಳೆಯಬೇಕು. ಇದು ನಮ್ಮ ಮನೆಯ ನಿಯಮ. (ಕನ್ನಡ ಸಂಘದ ವೇದಿಕೆಯಲ್ಲಿ ಸಮಾನತೆಯ ಬಗ್ಗೆ ಮಾತಾಡಿ ಬಂದ ದಿನವೂ ನಾನು ಕುಡಿಯುವುದು ಅದೇ ನಿಯಮದ ಮಜ್ಜಿಗೆಯನ್ನು.)

ಕಡೆದೆ. ಏನು ನೊರೆ ಅಂತೀರಿ. ಅಮ್ಮನ ಕಾಲದ ಬೆಣ್ಣೆಗೂ ಅಂಥ ನೊರೆ ಬಂದಿರಲಿಕ್ಕಿಲ್ಲ. ವಿಸ್ಕಿ, ಪಾಕ ಸೇರಿಸಿ, ಐಸ್ ಹಾಕಿ, ಸೋಸಿ ಗಾಜಿನ ಲೋಟಕ್ಕೆ ಸುರಿದೆ. ಹುಳಿ, ಸಿಹಿ, ಮೇಲೆ ಮೋಡದಂಥ ನೊರೆ. ಕೆಟ್ಟದಾಗಿತ್ತೆಂದು ಬರೆಯಲು ಸಾಧ್ಯವಿದ್ದರೆ ಈ ಬರಹ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಬಹಳ ಚೆನ್ನಾಗಿತ್ತು.

ಆಮೇಲೆ ಸಾಕ್ಷ್ಯನಾಶ. ಚಿಪ್ಪನ್ನೂ ಹಳದಿಯನ್ನೂ ಪೇಪರಿನಲ್ಲಿ ಸುತ್ತಿ ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಕಡೆಗೋಲನ್ನು ಶುದ್ಧಿ ಮಾಡಬೇಕಲ್ಲ? ಕುದಿಯುವ ನೀರಿಗಿಂತ ಶುದ್ಧಿ ಯಾವುದಿದೆ? ಧಾರಾಳವಾಗಿ ಸುರಿದೆ. ಬಿಸಿನೀರು ತಾಗಿದರೆ ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುತ್ತದೆ ಎಂಬುದು ಮೊಟ್ಟೆ ಕಾಣದ ಅಡುಗೆಮನೆಯಲ್ಲಿ ಬೆಳೆದವನಿಗೆ ಹೇಗೆ ತಿಳಿಯಬೇಕು? ಕಡೆಗೋಲಿನ ಹಲ್ಲುಗಳ ಸಂದಿಯಲ್ಲಿ ಅದು ಸುಖವಾಗಿ ಬೆಂದು ಕೂತಿತು. ನಾನು ಒರೆಸಿ, ಮೊಳೆಗೆ ನೇತುಹಾಕಿ, ಬಾಲ್ಕನಿಗೆ ಹೋಗಿ ಮುಖ ರಸ್ತೆಯ ಕಡೆ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ನಾನು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದೆ. ಮಂಗಲ್‌ಬಾಯಿ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಮಜ್ಜಿಗೆಗೆ ಕೂತಳು.

"ಸುಮತೀ, ಇದ್ರ ಸಂದೀಲಿ ಎಂಥ ಮಾರಾಯ್ತಿ ಬೆಳ್ಳಗೆ?"

ಸುಮತಿ ಬಂದು ಮೂಸಿದಳು. "ಅಯ್ಯೋ ಅಕ್ಕಾ. ಮೊಟ್ಟೆ." (ಮೊಟ್ಟೆಯ ವಾಸನೆ ಇವಳಿಗೆ ಹೇಗೆ ಗೊತ್ತು ಎಂದು ಕೇಳುವ ನೈತಿಕ ಸ್ಥಾನದಲ್ಲಿ ನಾನಿರಲಿಲ್ಲ.)

ಆಮೇಲೆ ಅಕ್ಕ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲಿ ಹೇಳಿದಳು: "ಅವಳ ಡಬ್ಬೀಲಿ ದಿನಾ ಅದೇ ಅಲ್ವಾ? ನಿನ್ನೆ ನಾವಿಲ್ಲದಾಗ ಬಂದವಳು ಅವಳೇ ಅಲ್ವಾ?"

ಹೌದಲ್ಲ, ಎಷ್ಟು ಸರಳ. ನಮ್ಮ ಮನೆಗಳಲ್ಲಿ ಏನೇ ಕಾಣೆಯಾಗಲಿ, ಒಡೆಯಲಿ, ನಾರಲಿ, ಕಣ್ಣು ಮೊದಲು ಯಾರ ಕಡೆ ಹೊರಳುತ್ತದೆ? ಕಾಣೆಯಾದದ್ದು ಸೋಫಾದ ಸಂದಿಯಲ್ಲಿ ಸಿಕ್ಕ ಮೇಲೆ ಕೆಲಸದ ಬಾಯಿಯನ್ನು ಕರೆದು, ಸಿಕ್ಕಿತಮ್ಮ ಎಂದು ಹೇಳಿದವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಿ.

ನಿನ್ನೆ ಇದನ್ನು ಮುಟ್ಟಿದ್ದೆಯಾ ಎಂದು ಸುಮತಿ ಹಿಂದಿಯಲ್ಲಿ ಕೇಳಿದಳು, "ಮಂಗಲ್, ಕಲ್ ಇಸ್‌ಕೋ ಹಾಥ್ ಲಗಾಯಾ ಥಾ ಕ್ಯಾ? ಅಂಡಾ ಲಗಾ ಹೈ."

"ನಾಹೀ ಕಾಕೂ." ಮಂಗಲ್‌ಬಾಯಿ ನಲ್ಲಿ ನಿಲ್ಲಿಸಿದಳು. ಕಡೆಗೋಲನ್ನು ನೋಡಿದಳು. ಆಮೇಲೆ ಒದ್ದೆ ಕೈಯಲ್ಲೇ ನನ್ನ ಕಡೆ ತೋರಿಸಿದಳು. "ಕಾಕಾ ಘರೀ ಹೋತೇ. ತ್ಯಾಂನಾ ವಿಚಾರಾ."

ಕಾಕಾ ಮನೆಯಲ್ಲಿದ್ದರು, ಅವರನ್ನೇ ಕೇಳಿ. ಅವಳು ನನ್ನ ಮೇಲೆ ದೂರು ಹೇಳುತ್ತಿರಲಿಲ್ಲ. ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಳು. ನಾನು ನಿಜ ಹೇಳುತ್ತೇನೆಂದು ಅವಳಿಗೆ ಅನುಮಾನವೇ ಇರಲಿಲ್ಲ.

"ಏನ್ರೀ?" ಎಂದಳು ಸುಮತಿ.

ಹೇಳುವುದಿದ್ದದ್ದು ಎರಡು ಶಬ್ದ. ನಾನೇ ಮಾಡಿದ್ದು. ಪೇಪರನ್ನು ಒಂದಿಷ್ಟು ಮೇಲೆತ್ತಿ ನಾನು ಹೇಳಿದೆ: "ನಾನು ಹಾಲ್‌ನಲ್ಲಿದ್ದೆ. ಗಮನಿಸಲಿಲ್ಲ."

ಮಂಗಲ್‌ಬಾಯಿಗೆ ಕನ್ನಡ ಬರುವುದಿಲ್ಲ. ಅರ್ಥವಾಗಲು ಬರಬೇಕೆಂದೂ ಇರಲಿಲ್ಲ. ಅವಳು ಮತ್ತೆ ನಲ್ಲಿ ತಿರುಗಿಸಿ ಉಳಿದ ಪಾತ್ರೆಗಳನ್ನೆಲ್ಲ ತೊಳೆದಳು. ಕಟ್ಟೆ ಒರೆಸಿದಳು. ಬಟ್ಟೆ ಹಿಂಡಿ ಹರವಿದಳು. ನಮ್ಮ ಮನೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಫ್ರಿಜ್ಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಕಾಕಾ, ಜಾತೇ ಎನ್ನಲಿಲ್ಲ.

ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಸೂಕ್ತ ಸಮಯಕ್ಕಾಗಿ ಕಾಯುತ್ತಿದ್ದೆ. ಬ್ಯಾಂಕಿನಲ್ಲಿ ಕಲಿತ ವಿದ್ಯೆಯಿದು: ಫೈಲನ್ನು ಮುಟ್ಟದಿದ್ದರೆ ಅದು ತಾನಾಗಿಯೇ ಹಳತಾಗುತ್ತದೆ. ಮಂಗಲ್‌ಬಾಯಿ ಬರಲಿಲ್ಲ. ಸಿಂಕಿನಲ್ಲಿ ಪಾತ್ರೆ ಬೆಳೆಯಿತು. "ತಪ್ಪಿಲ್ಲದಿದ್ರೆ ಯಾಕೆ ಬಿಟ್ಟುಹೋಗ್ತಿದ್ಲು?" ಎಂದು ಸುಮತಿ ಅಕ್ಕನಿಗೆ ಹೇಳುವುದು ಕೇಳಿಸಿತು. ಅಲ್ಲಿಗೆ ನನ್ನ ಮೌನ ಅವಳ ಮೇಲಿನ ತೀರ್ಪೇ ಆಗಿಹೋಯಿತು. ಆಗ ಎದ್ದು ಅಡುಗೆಮನೆಗೆ ಹೋಗಿ ಎಲ್ಲ ಹೇಳಿದೆ. ವಿಡಿಯೋ, ಮೊಟ್ಟೆ, ಬಿಸಿನೀರು, ಎಲ್ಲ.

ಸುಮತಿ ಗ್ಯಾಸ್ ಆರಿಸಿದಳು. ಅಕ್ಕ ನನ್ನ ಕಡೆ ತಿರುಗಿದಳು. ಮಡಿ, ಮೈಲಿಗೆ, ಅಮ್ಮನ ಕಡೆಗೋಲು, ಯಾವುದಾದರೂ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದೆ.

"ನೀನು ಕುಡಿಯೋದು ಗೊತ್ತಿತ್ತು ಮಾರಾಯ," ಎಂದಳು. "ಇಷ್ಟು ಹೆದರ್ತೀ ಅಂತ ಗೊತ್ತಿರ್ಲಿಲ್ಲ." ಆಮೇಲೆ, "ಹೋಗು. ಅವಳನ್ನ ಕರ್ಕೊಂಡು ಬಾ. ಅವಳ ಮೇಲೆ ಹೇಳಿದ್ದು ನಾನು ಅಲ್ವಾ, ನಾನೂ ಮಾತಾಡ್ಬೇಕು" ಎಂದಳು.

ಮಂಗಲ್‌ಬಾಯಿ ಸಿಕ್ಕಿದ್ದು ನಮ್ಮ ಸೊಸೈಟಿಯದೇ ಇನ್ನೊಂದು ಕಟ್ಟಡವಾದ ಬಿ ವಿಂಗಿನ ಮೆಟ್ಟಿಲಲ್ಲಿ. ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ಸುಧಾರಿಸದ ನನ್ನ ಮರಾಠಿಯಲ್ಲಿ, ನಿಂತುಕೊಂಡೇ ಹೇಳಿದೆ. ಮೊಟ್ಟೆ ನನ್ನದು. ಸುಳ್ಳೂ ನನ್ನದು. ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅಕ್ಕ ಕರೆಯುತ್ತಿದ್ದಾಳೆ.

ಅವಳು ತುತ್ತು ನುಂಗಿದಳು. "ಮಲಾ ಮಾಹೀತ್ ಹೋತಂ, ಕಾಕಾ" ಎಂದಳು. ಗೊತ್ತಿತ್ತಂತೆ. ನಾನು ಪೇಪರ್ ಎತ್ತಿದಾಗಲೇ ಗೊತ್ತಾಯಿತಂತೆ.

ಹಾಗಾದರೆ ಬರುತ್ತೀಯಾ ಎಂದೆ. ನಮ್ಮ ಮನೆಗೆ ಬರುತ್ತಿದ್ದ ಹೊತ್ತನ್ನು ಬೇರೆಯವರಿಗೆ ಕೊಟ್ಟಾಗಿದೆ ಎಂದಳು. ಸಿಟ್ಟಿನಿಂದಲ್ಲ, ರೈಲು ಹೋಯಿತು ಎಂದು ಹೇಳುವ ಹಾಗೆ.

ಅಕ್ಕ ಈಗ ಮಜ್ಜಿಗೆಯನ್ನು ಸೌಟಿನಲ್ಲಿ ಕದಡುತ್ತಾಳೆ. ಮಂಗಲ್‌ಬಾಯಿ ಬಿ ವಿಂಗಿನಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮನೆಯ ಪಾತ್ರೆ ನಾನು ತೊಳೆಯುತ್ತೇನೆ.